ಕಾಯಕದಲ್ಲಿ ಹುಟ್ಟಿದ ಹಾಡು



ನಮ್ಮ ಜನಪದರ ಎಷ್ಟೋ ಹಾಡುಗಳು ಹುಟ್ಟಿದ್ದು ಕಾಯಕದಲ್ಲಿ. ಬೀಸುಕಲ್ಲಿನ ಮುಂದೆ ಕುಳಿತ ತಾಯಿ ಬೀಸುವ ಪದ ಹಾಡಿದಳು. ಕಣದಲ್ಲಿ ಎತ್ತು ತಿರುಗಿಸುತ್ತ ಒಕ್ಕಲಮಗ ಬೆಳತನಕ ಹಂತಿಯ ಪದ ಹಾಡಿದ. ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು. ರಾಶಿಯ ಯಂತ್ರ ಬಂತು, ಕಣ ಬರಿದಾಯಿತು. ದುಡಿಮೆಯ ಭಾರ ಇಳಿದದ್ದು ಒಳ್ಳೆಯದೇ. ಆದರೆ ಭಾರದ ಜೊತೆಗೆ ಹಾಡನ್ನೂ ಇಳಿಸಿಬಿಟ್ಟೆವು.

ಕಣ ಕಳೆದುಕೊಂಡ ಹಾಡಿಗೆ ದೂರದರ್ಶನ ಹೊಸ ಕಣವಾಗಬಹುದಿತ್ತು. ಇಂದು ಕನ್ನಡದಲ್ಲಿ ಎಷ್ಟೋ ವಾಹಿನಿಗಳಿವೆ. ಚಂದನದಲ್ಲಿ ಆಗಾಗ ಜನಪದಕ್ಕೆ ಜಾಗ ಸಿಗುತ್ತದೆ. ಉಳಿದಂತೆ ಹಗಲಿರುಳೂ ಸಿನೆಮಾ ಹಾಡು. ಜನಪದಕ್ಕೆ ಹಬ್ಬದ ದಿನ ಒಂದು ತುಣುಕು. ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡಲು ಕುಳಿತರೆ ಒಂದು ಇರುಳು ಸಾಲದು. ಅದನ್ನು ತುಣುಕು ಮಾಡಿದರೆ ಉಳಿಯುವುದೇನು? ವೇಷ ಉಳಿಯುತ್ತದೆ, ಕಥೆ ಹೋಗುತ್ತದೆ.

ಅಂಕೋಲೆಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ; ಹಾಲಕ್ಕಿಗಳ ಹಾಡಿನ ಭಂಡಾರವೇ ಅವರ ಕೊರಳಲ್ಲಿತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಅಂಥವರಿಂದ ಕಲಿತುಕೊಳ್ಳದಿದ್ದರೆ ಅವರೊಡನೆ ಹಾಡೂ ಮಣ್ಣು ಸೇರುತ್ತದೆ.

ಆದ್ದರಿಂದ ಪೆಟ್ಟಿಗೆ ಹಾಡೀತೆಂದು ಕಾಯುತ್ತ ಕೂರಬೇಡಿ. ನಿಮ್ಮ ಮನೆಯಲ್ಲಿ, ಇಲ್ಲವೇ ನೆರೆಮನೆಯಲ್ಲಿ, ಪದ ಬಲ್ಲ ಅಜ್ಜಿಯೊಬ್ಬಳು ಇದ್ದಾಳು. ಕೇಳುವವರಿಲ್ಲದೆ ಸುಮ್ಮನಾಗಿದ್ದಾಳೆ. ಇಂದು ರಾತ್ರಿ ಒಂದು ಗಳಿಗೆ ಟಿ.ವಿ. ಆರಿಸಿ, ಮಕ್ಕಳನ್ನು ಅವಳ ಮುಂದೆ ಕೂರಿಸಿ. ಮಗು ಒಂದೇ ಪದ ಕಲಿಯಲಿ. ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬಂದಾಗ ಅದನ್ನು ಇಲ್ಲಿ, ಈ ಸಭೆಯಲ್ಲಿ ಹಾಡಲಿ. ನಾವೆಲ್ಲ ಕೂತು ಕೇಳೋಣ.