ಕ್ಷೌರಿಕ ಬಂಧುಗಳಿಗೆ ಜಮಾ-ಖರ್ಚಿನ ವಿಚಾರ

(ಮಹೋತ್ಸವದ ಕಾಯಕ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಸ್ವಂತ ಅಂಗಡಿಯನ್ನಿಟ್ಟು ಕ್ಷೌರ ಮತ್ತು ಕೇಶಾಲಂಕಾರಗಳ ಕಾಯಕದಿಂದ ಜೀವಿಸುವ ಸೋದರ ಸೋದರಿಯರೇ,

ನಮ್ಮ ಕೆಲಸಕ್ಕೆ ಲೆಕ್ಕದ ಪುಸ್ತಕವೇತಕ್ಕೆಂದು ನಿಮ್ಮಲ್ಲಿ ಅನೇಕರು ಕೇಳಬಹುದು. ಹಿಂದೆ ಬೇಕಿರಲಿಲ್ಲವೆಂಬುದು ನಿಜ. ಕ್ಷೌರಿಕನು ಗ್ರಾಮದ ಆಯಗಾರರಲ್ಲೊಬ್ಬನಾಗಿದ್ದ ಕಾಲದಲ್ಲಿ ವರುಷವೆಲ್ಲ ಊರಿನ ಸೇವೆ ಮಾಡಿ, ಸುಗ್ಗಿಯಲ್ಲಿ ಕಣಗಳಿಗೆ ಹೋಗಿ ಆಯದ ಕಾಳನ್ನು ತರುತ್ತಿದ್ದನು. ಮನೆಗೆ ಬಂದ ಚೀಲಗಳೇ ಅವನ ಲೆಕ್ಕ. ಈಗಲಾದರೋ ಬಾಡಿಗೆಯಿಂದ ಬ್ಲೇಡಿನವರೆಗೆ ಎಲ್ಲಕ್ಕೂ ರೊಕ್ಕ ತೆತ್ತು, ತಲೆಯೊಂದಕ್ಕೆ ಇಷ್ಟೆಂದು ರೊಕ್ಕ ಪಡೆಯತಕ್ಕ ವ್ಯಾಪಾರವಾಗಿದೆ. ಗಲ್ಲಾಪೆಟ್ಟಿಗೆಗೆ ಬಿದ್ದುದೆಲ್ಲ ತನ್ನದೆಂಬ ಭ್ರಾಂತಿ ಹುಟ್ಟುವುದು ಇಲ್ಲಿಯೇ.

ಮಂಗಳವಾರ ಅಂಗಡಿ ಮುಚ್ಚುವ ಒಬ್ಬರಿಗೆ ತಿಂಗಳಲ್ಲಿ 26 ದಿನ, ದಿನಕ್ಕೆ 900 ರೂಪಾಯಿಯಂತೆ 23,400 ರೂಪಾಯಿ ಬಂದಿತೆನ್ನೋಣ. ಬಾಡಿಗೆ 5,000, ವಿದ್ಯುತ್ತಿಗೆ 800, ಬ್ಲೇಡು ಬಣ್ಣ ಸಾಬೂನುಗಳಿಗೆ 2,600, ಟವೆಲುಗಳ ಒಗೆತಕ್ಕೆ 600. ಇನ್ನೊಂದುಂಟು, ಅದನ್ನು ಯಾರೂ ಬರೆಯುವುದಿಲ್ಲ: 12,000 ರೂಪಾಯಿಯ ಕುರ್ಚಿ ಐದು ವರುಷ ಬಾಳುವುದಾದರೆ ತಿಂಗಳಿಗೆ 200 ರೂಪಾಯಿಯಷ್ಟು ಅದು ಸವೆಯುತ್ತದೆ. ಎಲ್ಲ ಕಳೆದರೆ ಉಳಿಯುವುದು 14,200. ನನ್ನ ಪರಿಚಯದ ಕುಶಲ ಕೆಲಸಗಾರರೊಬ್ಬರು ಹದಿನೆಂಟು ವರುಷ ದುಡಿದು, ಕುರ್ಚಿ ಮುರಿದ ದಿನ ಬಡ್ಡಿಗೆ ಸಾಲ ತಂದರು. ದುಡಿಮೆಗೆ ಕೊರತೆಯಿರಲಿಲ್ಲ, ಕುರ್ಚಿಯ ಹಣವನ್ನು ತಿಳಿಯದೆಯೇ ಉಂಡಿದ್ದರು.

ಬರೆಯುವ ಕ್ರಮ ಕಷ್ಟದ್ದಲ್ಲ. ಒಂದು ಕಿರ್ದಿ ಪುಸ್ತಕ ಸಾಕು. ಬೆಳಗಿನ ಶಿಲ್ಕನ್ನು ಮೊದಲು ಬರೆಯಿರಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾದಲ್ಲಿ ಕೈಗೆ ಬಂದ ರೊಕ್ಕಕ್ಕೊಂದು ಕಂಬ, ಫೋನಿನ ಮೂಲಕ ಬಂದುದಕ್ಕೆ ಇನ್ನೊಂದು. ಉದ್ರಿ ಉಳಿಸಿದವರ ಹೆಸರು ಬೇರೆ ಹಾಳೆಯಲ್ಲಿರಲಿ; ಅದು ಬಂದ ದಿನವೇ ಕಿರ್ದಿಗೇರಲಿ. ಮನೆಯ ಅಕ್ಕಿಗೆಂದು ಪೆಟ್ಟಿಗೆಯಿಂದ ತೆಗೆದುದನ್ನು ಅಂಗಡಿಯ ಖರ್ಚಿನಲ್ಲಿ ಸೇರಿಸದೆ ‘ಮನೆಗೆ’ ಎಂದು ಪ್ರತ್ಯೇಕವಾಗಿ ಕಾಣಿಸತಕ್ಕುದು. ರಾತ್ರಿ ಬಾಗಿಲು ಹಾಕುವ ಮುನ್ನ ಪೆಟ್ಟಿಗೆಯ ರೊಕ್ಕವನ್ನೆಣಿಸಿ ಅಖೈರು ಶಿಲ್ಕಿಗೆ ತಾಳೆ ನೋಡಿರಿ. ಹತ್ತು ರೂಪಾಯಿ ಕಡಿಮೆಯಾದರೆ ಕಡಿಮೆಯೆಂದೇ ಬರೆಯಿರಿ. ಲೆಕ್ಕವನ್ನು ಸರಿಮಾಡಲೋಸುಗ ಸುಳ್ಳು ಖರ್ಚನ್ನು ಹುಟ್ಟಿಸಬೇಡಿರಿ.

ಫೋನಿನ ಹಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ನೆಯ ಇಸವಿಯ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೊತ್ತಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿದುದು ನಿಮಗೆ ನೆನಪಿರಬಹುದು. ಸೇವೆ ಒದಗಿಸುವವರಿಗೆ ವರುಷದ ವಹಿವಾಟು 20 ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿಯ ಪ್ರಶ್ನೆ ಬರುತ್ತದೆ. ನಿಮ್ಮಲ್ಲಿ ಬಹುಮಂದಿ ಆ ಮಿತಿಯಿಂದ ಬಹುದೂರವಿದ್ದೀರಿ. ಆದರೆ ತಮ್ಮನು ಹಿಂದಿರುಗಿಸಿದ ಕೈಗಡವೂ ಮಗಳ ಮದುವೆಗೆ ಬಂದ ಮುಯ್ಯಿಯೂ ಅಂಗಡಿಯ ಖಾತೆಗೇ ಬಿದ್ದರೆ, ಯಾವುದು ದುಡಿಮೆ, ಯಾವುದು ಅಲ್ಲವೆಂದು ಬ್ಯಾಂಕಿನ ಕಾಗದ ಹೇಳಲಾರದು, ಕಿರ್ದಿಯೇ ಹೇಳಬೇಕು. ಅಂಗಡಿಗೊಂದು, ಮನೆಗೊಂದು ಖಾತೆಯಿರುವುದು ಲೇಸು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳು ರೊಕ್ಕದ ವಹಿವಾಟಿನ ಶೇಕಡಾ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದುದರ 6ರಷ್ಟನ್ನು ಲಾಭವೆಂದು ತೋರಿಸುವ ಸುಲಭ ಮಾರ್ಗವುಂಟು. ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸತಕ್ಕುದು. ಅದಕ್ಕೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಎರಡು ಕಂಬಗಳ ಮೊತ್ತ ಬೇಕೇ ಬೇಕು.

ಗೆರೆಯೆಳೆದ ಕೆಲವು ಹಾಳೆಗಳನ್ನು ತಂದಿದ್ದೇನೆ. ಪ್ರಸಾದವಾದ ಮೇಲೆ ಬಂದವರು ನಿನ್ನೆಯ ದಿನದ ಜಮಾ-ಖರ್ಚನ್ನು ನೆನಪಿನಿಂದ ಬರೆದು ತೋರಿಸಿರಿ. ಎಷ್ಟು ಮರೆತಿದೆಯೆಂಬುದನ್ನು ಕೂಡಿ ನೋಡೋಣ.