ಬಾನೆಟ್ ಎತ್ತಿಡಿ



ಇಷ್ಟೊಂದು ಹಳೆಯ ಗಾಡಿಗಳನ್ನು ಒಂದೇ ಮೈದಾನದಲ್ಲಿ ಕಂಡು ಮನಸ್ಸು ತುಂಬಿ ಬಂತು. ಎಲ್ಲವನ್ನೂ ಹೊಗಳುತ್ತಾ ಕೂತರೆ ಹೊತ್ತು ಸಾಲದು. ವೇದಿಕೆಯ ಎದುರಿಗೇ ಅಕ್ಕಪಕ್ಕ ನಿಂತಿರುವ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100 ಮುಂಬೈನ ಕುರ್ಲಾದಲ್ಲಿ ಪದ್ಮಿನಿಯಾಯಿತು. ನಮ್ಮ ಜನಕ್ಕೆ ಅದು ಇವತ್ತಿಗೂ ಫಿಯೆಟ್ಟೇ.

ಓಡಿಸುವ ಖುಷಿಗಾದರೆ ನನ್ನ ಓಟು ಫಿಯೆಟ್ಟಿಗೆ. ಎಂಜಿನ್ 1089 ಸಿಸಿ, ಗಾಡಿ ಹಗುರ. ಹ್ಯಾಂಡ್ ಗೇರಿನ ಲಿಂಕೇಜು ಸರಿಯಿದ್ದರೆ ಎರಡೇ ಬೆರಳಿಗೆ ಗೇರ್ ಬೀಳುತ್ತದೆ. ಆದರೆ ಮನೆಮಂದಿಯನ್ನೆಲ್ಲ ತುಂಬಿಕೊಂಡು, ಮೇಲೆ ಸಾಮಾನು ಹೇರಿ, ಗುಂಡಿ ಬಿದ್ದ ದಾರಿಯಲ್ಲಿ ಘಟ್ಟ ಹತ್ತಬೇಕೇ? ಆಗ ಅಂಬಾಸಿಡರ್. 1489 ಸಿಸಿಯ ಹಳೆಯ ಎಂಜಿನ್ನಿಗೆ ಅವಸರವಿಲ್ಲ, ಎಳೆತವಿದೆ. 1990ರ ದಶಕದಲ್ಲಿ ಇಸುಜು 1.8 ಎಂಜಿನ್ನು, ಐದು ಗೇರು ಬಂದ ಮೇಲೆ ವೇಗದಲ್ಲೂ ಅದೇ ಮುಂದಾಯಿತು.

ಸಾಕುವ ವಿಷಯ ಬೇರೆ. ಫಿಯೆಟ್ಟಿನ ಸ್ಟಿಯರಿಂಗಿನಲ್ಲಿ ಆಟ ಹೆಚ್ಚಾದರೆ ಅನೇಕರು ಸ್ಟಿಯರಿಂಗ್ ಬಾಕ್ಸಿನ ಸ್ಕ್ರೂ ಬಿಗಿದುಬಿಡುತ್ತಾರೆ. ನೇರ ರಸ್ತೆಯಲ್ಲಿ ಚೆನ್ನಾಗಿರುತ್ತದೆ. ತಿರುವಿನಲ್ಲಿ ಬಿಗಿ ಹಿಡಿದು, ಚಕ್ರ ತಾನಾಗಿ ಹಿಂದಿರುಗುವುದಿಲ್ಲ. ಸವೆದದ್ದು ಎಷ್ಟೋ ಸಲ ಟೈ ರಾಡ್ ಎಂಡು. ಮೊದಲು ಅದನ್ನು ಅಲ್ಲಾಡಿಸಿ ನೋಡಬೇಕು, ಬಾಕ್ಸಿನ ಎಣ್ಣೆ ನೋಡಬೇಕು, ಸ್ಕ್ರೂ ಆಮೇಲೆ. ಅಂಬಾಸಿಡರಿನದು ರ್‍ಯಾಕ್ ಅಂಡ್ ಪಿನಿಯನ್, ಈ ತಾಪತ್ರಯ ಕಡಿಮೆ. ಅದು ಕೇಳುವುದು ಗ್ರೀಸ್. ಮುಂದಿನ ನಿಪ್ಪಲ್‌ಗಳಿಗೆ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸೆಲ್ಲ ಹೊರಬಂದು ಹೊಸದು ಕಾಣುವ ತನಕ ಒತ್ತಬೇಕು. ಅಷ್ಟು ತಾಳ್ಮೆಯಿದ್ದವರಿಗೆ ಅಂಬಾಸಿಡರ್ ಕೈಕೊಡುವುದಿಲ್ಲ. ಮೊದಲ ಸಲ ಹಳೆಯ ಗಾಡಿ ಕೊಳ್ಳುವ ಹುಡುಗರಿಗೆ ಅದನ್ನೇ ಹೇಳುತ್ತೇನೆ.

ಈಗ ಎರಡಕ್ಕೂ ಒಂದೇ ಚಿಂತೆ. ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಅದಕ್ಕೆಂದು ಮಾಡಿದ್ದಲ್ಲ. ಅವನ್ನು ಬದಲಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ತೇವ ಹೀರುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ, ಕಾರ್ಬ್ಯುರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಹೊದಿಕೆ ಹಾಕಿ ಜೋಪಾನ ಮಾಡಿದ ಗಾಡಿಗಿಂತ ವಾರಕ್ಕೊಮ್ಮೆ ಓಡಿಸಿದ ಗಾಡಿ ಹೆಚ್ಚು ಬಾಳುತ್ತದೆ.

ಸಂಘಟಕರಲ್ಲಿ ಒಂದು ವಿನಂತಿ. ಲಾರಿಯ ಮೇಲೆ ಬಂದು ಫಳಫಳ ಹೊಳೆಯುವ ಗಾಡಿಗೆ ಬಹುಮಾನ ಕೊಡಿ, ಬೇಡ ಅನ್ನುವುದಿಲ್ಲ. ಊರಿನಿಂದ ತನ್ನ ಚಕ್ರದ ಮೇಲೇ ಬಂದ ಗಾಡಿಗೆ ಅದಕ್ಕಿಂತ ದೊಡ್ಡದನ್ನು ಕೊಡಿ. ಅದನ್ನು ಓಡುವ ಹಾಗೆ ಇಟ್ಟ ಮೆಕ್ಯಾನಿಕ್ಕನ್ನೂ ವೇದಿಕೆಗೆ ಕರೆಯಿರಿ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಗಾಡಿ ತಂದವರು ದಯವಿಟ್ಟು ಬಾನೆಟ್ ಎತ್ತಿಡಿ. ಶಾಲೆಯ ಮಕ್ಕಳು ಬರುತ್ತಿದ್ದಾರೆ, ಅವರು ಕೇಳಿದ್ದನ್ನೆಲ್ಲ ಬಿಡಿಸಿ ಹೇಳಿ.