ಕೊನೆಯವರು ಬಂದರೇ?

(ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ವಿಚಾರವಾಗಿ ಹದಿನೈದು ನಿಮಿಷ ಮಾತನಾಡಬೇಕೆಂದು ಸಮಿತಿಯವರು ನಮ್ಮಿಬ್ಬರನ್ನು ಕೇಳಿಕೊಂಡರು. ಹಿಂದೊಮ್ಮೆ ಇದೇ ವೇದಿಕೆಯಿಂದ ಕೊಲೆಸ್ಟರಾಲ್ ಬಗ್ಗೆ ಮಾತನಾಡಿದ್ದೆವು. ಅಂದು ಭಾಷಣ ಮುಗಿದು ಊಟಕ್ಕೆ ಕೂತಾಗ ಹೋಳಿಗೆಗೆ ತುಪ್ಪ ಹಾಕಿಸಿಕೊಂಡವರ ಸಂಖ್ಯೆಯೇನೂ ಕಡಿಮೆಯಾದಂತೆ ಕಾಣಲಿಲ್ಲ. ಆದ್ದರಿಂದ ಈ ಸಲ ಬೇರೆ ವಿಷಯ. ಮುಂದಿನ ಫೆಬ್ರವರಿಯ ಸಂಸ್ಥಾಪನಾ ದಿನಕ್ಕೆ ಕೂಟದ ವತಿಯಿಂದ ಐದು ಕಿಲೋಮೀಟರಿನ ಓಟ-ನಡಿಗೆ ಏರ್ಪಡಿಸಬೇಕೆಂಬ ಸಲಹೆ ಬಂದಿದೆ. ಮಕ್ಕಳಿಂದ ಹಿಡಿದು ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರವರೆಗೆ ಎಲ್ಲರೂ ಭಾಗವಹಿಸಬಹುದಂತೆ. ಬಹಳ ಒಳ್ಳೆಯ ಯೋಚನೆ. ಜಾಗ, ಖರ್ಚು, ಟಿ-ಷರ್ಟಿನ ಬಣ್ಣ ಎಲ್ಲದರ ಚರ್ಚೆಯೂ ಆಗಿದೆ. ಚರ್ಚೆಯಾಗದೆ ಉಳಿದಿರುವ ಒಂದು ವಿಷಯವನ್ನು ಹೇಳಲು ನಾವು ಬಂದಿದ್ದೇವೆ.

2022ರ ಜನವರಿಯ ಒಂದು ಭಾನುವಾರ ನಮ್ಮ ಕೂಟದ ಐದು ಜನ, ಬಫಲೋದಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿಗೆ ಹತ್ತು ಕಿಲೋಮೀಟರ್ ರಸ್ತೆ ಓಟಕ್ಕೆಂದು ಹೋಗಿದ್ದೆವು. ಊರಿನ ಹೆಸರು ಬೇಡ. ಓಟ ನಡೆಸಿದವರು ಸಂಬಳವಿಲ್ಲದೆ ದುಡಿದು ಊರಿನ ಕೆಲಸಕ್ಕೆ ನಾಲ್ಕು ಕಾಸು ಕೂಡಿಸುವ ಸಜ್ಜನರು, ಥೇಟ್ ನಮ್ಮ ಸಮಿತಿಯವರಂತೆ. ಅದಕ್ಕೇ ಈ ಕಥೆ ನಮಗೆ ಬೇಕು. ಐವರಲ್ಲಿ ನಾವು ಗಂಡಹೆಂಡತಿ, ಒಬ್ಬರು ಸಾಫ್ಟ್‌ವೇರ್ ಎಂಜಿನಿಯರು, ಕಾಲೇಜಿನಲ್ಲಿ ಓದುವ ಅವರ ಮಗಳು, ಮತ್ತೆ ನೀವೆಲ್ಲ ಬಲ್ಲ ನಮ್ಮ ಮಾಜಿ ಖಜಾಂಚಿಗಳು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. "ಹೆಸರು ಹೇಳಬೇಡಿ ಅಷ್ಟೇ. ಹೇಳದಿದ್ದರೂ ಎಲ್ಲರಿಗೂ ಗೊತ್ತಾಗತ್ತೆ" ಅಂದರು.

ಅಂದು ಬೆಳಿಗ್ಗೆ 15 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಅಂದರೆ ಸುಮಾರು ಮೈನಸ್ 9 ಸೆಲ್ಸಿಯಸ್. ಇಲ್ಲಿ ಬಾಳುವವರಿಗೆ ಇದೇನು ದೊಡ್ಡ ಚಳಿಯಲ್ಲ. ಆದರೆ ಗಂಟೆಗೆ 20 ಮೈಲಿ ಗಾಳಿಯೂ ಬೀಸುತ್ತಿತ್ತು. ಎರಡನ್ನೂ ಕೂಡಿಸಿದರೆ ಬರಿಯ ಚರ್ಮಕ್ಕೆ ತಾಕುವುದು ಮೈನಸ್ 2 ಫ್ಯಾರನ್‌ಹೀಟಿನ ಚಳಿ. ಇದರ ಮೇಲೆ ಈರೀ ಸರೋವರದ ಕೃಪೆ. ಸರೋವರ ಹೆಪ್ಪುಗಟ್ಟುವ ಮುಂಚೆ, ಅದರ ನೀರಿಗಿಂತ ಎಷ್ಟೋ ತಣ್ಣಗಿನ ಗಾಳಿ ಮೇಲೆ ಹಾದು ತೇವ ಹೀರಿ, ದಡ ಮುಟ್ಟಿದೊಡನೆ ಹಿಮವಾಗಿ ಸುರಿಸಿಬಿಡುತ್ತದೆ. ಒಂದು ಊರಿನಲ್ಲಿ ಬಿಸಿಲು, ಐದು ಮೈಲಿ ಆಚೆ ಮುಂದಿನ ಕಾರು ಕಾಣದಷ್ಟು ಹಿಮ. ನಮ್ಮ ಊರಿನ ಕಡೆ ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದು ಕೊಂಬಿಗೆ ಬಿಸಿಲು ಅನ್ನುತ್ತಾರಲ್ಲ, ಹಾಗೆ.

ಓಟ ಹತ್ತು ಗಂಟೆಗೆ ಎಂದು ಹಾಕಿದ್ದರು. ನಾವು ಒಂಬತ್ತೂವರೆಗೆ ಹೋದಾಗ ಸಮುದಾಯ ಭವನಕ್ಕೆ ಬೀಗ. ಕೀಲಿಕೈ ಇದ್ದವರು ಹಿಮದಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರಂತೆ. ನೂರಕ್ಕೂ ಹೆಚ್ಚು ಜನ, ಓಡಲು ಹಗುರವಾಗಿ ಉಟ್ಟುಕೊಂಡು ಬಂದವರು, ಬಯಲಿನಲ್ಲಿ ಕಾಲು ಕುಣಿಸುತ್ತ ನಿಂತಿದ್ದೆವು. ಒಂದು ಮೇಜಿನ ಮೇಲೆ ಟಿ-ಷರ್ಟುಗಳು ಮಾತ್ರ ಎಲ್ಲ ಅಳತೆಯಲ್ಲೂ ಅಚ್ಚುಕಟ್ಟಾಗಿ ಜೋಡಿಸಿದ್ದವು. ಓಟ ಶುರುವಾದದ್ದು ಹತ್ತು ನಲವತ್ತಕ್ಕೆ. ನಮ್ಮ ಕೂಟದಲ್ಲಿ ಹನ್ನೊಂದರ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾದರೆ ಉಪ್ಪಿಟ್ಟು ಆರುತ್ತದೆ, ಅಷ್ಟೆ. ಅಲ್ಲಿ ಆರಿದ್ದು ಮನುಷ್ಯರು.

ಇದರಲ್ಲಿ ವೈದ್ಯಶಾಸ್ತ್ರದ ಮಾತು ಸ್ವಲ್ಪ ಇದೆ. ಓಡುವ ದೇಹ ಸುಮ್ಮನೆ ಕೂತ ದೇಹಕ್ಕಿಂತ ಸುಮಾರು ಹತ್ತು ಪಟ್ಟು ಶಾಖ ಹುಟ್ಟಿಸುತ್ತದೆ. ಮೈ ಒಣಗಿದ್ದು ಓಡುತ್ತಲೇ ಇದ್ದರೆ ಆ ಚಳಿಯಲ್ಲೂ ಬೆವರು ಬರುತ್ತದೆ. ತೊಂದರೆ ಇರುವುದು ನಿಂತಾಗ. ಬೆವರಿನಿಂದಲೋ ಕರಗಿದ ಹಿಮದಿಂದಲೋ ಬಟ್ಟೆ ಒದ್ದೆಯಾಗಿ, ಶಾಖ ಹುಟ್ಟುವುದು ಕಡಿಮೆಯಾಯಿತೆಂದರೆ ಲೆಕ್ಕ ತಲೆಕೆಳಗು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಈಗ ಯೋಚಿಸಿ: ಮುಂದೆ ಓಡುವವರು ನಲವತ್ತೈದು ನಿಮಿಷದಲ್ಲಿ ಮುಗಿಸಿ ಕಾರಿನ ಹೀಟರ್ ಹಾಕಿಕೊಂಡು ಕೂತಿರುತ್ತಾರೆ. ಹಿಂದೆ ನಡೆಯುವವರು ಎರಡು ಪಟ್ಟು ಹೊತ್ತು ಹೊರಗಿರುತ್ತಾರೆ, ಅದೂ ಅರ್ಧದಷ್ಟು ಶಾಖ ಹುಟ್ಟಿಸಿಕೊಂಡು. ವಯಸ್ಸಾದವರು, ಬೀಟಾ ಬ್ಲಾಕರ್ ನುಂಗುವವರು, ಸಕ್ಕರೆ ಕಾಯಿಲೆಯವರು ಇರುವುದೂ ಆ ಹಿಂದಿನ ಸಾಲಿನಲ್ಲೇ. ಹಾಗಿದ್ದೂ ಓಟ ನಡೆಸುವವರ ಕಣ್ಣೆಲ್ಲ ಮುಂದಿನವರ ಮೇಲೆ.

ಆ ಓಟದಲ್ಲಿ ಉಪ್ಪು ಎರಚಿದ್ದು ಹೊರಡುವ ಗೆರೆಯ ಬಳಿ ಮಾತ್ರ. ಅಷ್ಟು ಚಳಿಯಲ್ಲಿ ಸಾದಾ ಉಪ್ಪು ಹಿಮ ಕರಗಿಸುವುದೂ ಅಷ್ಟಕ್ಕಷ್ಟೆ. ಐದನೆಯ ಕಿಲೋಮೀಟರಿನ ಬಳಿ ನೀರಿನ ಲೋಟಗಳ ಮೇಲೆ ಕೆನೆಗಟ್ಟಿದ ಹಾಗೆ ಮಂಜುಗಡ್ಡೆ. ಚೆಲ್ಲಿದ ನೀರು ರಸ್ತೆಯ ಮೇಲೆ ಗಾಜಾಗಿತ್ತು, ಎಂಜಿನಿಯರ ಮಗಳು ಅಲ್ಲೇ ಜಾರಿ ಮೊಣಕಾಲು ತರಚಿಕೊಂಡಳು. ವಾಹನ ನಿಲ್ಲಿಸಿರಲಿಲ್ಲ. ಎದುರಿನಿಂದ ಹಿಮ ತಳ್ಳುವ ಟ್ರಕ್ಕು ಬಂದಾಗ ನಾವೆಲ್ಲ ಮೊಣಕಾಲುದ್ದದ ಹಿಮದ ಗುಡ್ಡೆ ಹತ್ತಿ ನಿಂತೆವು. ಇಷ್ಟಾದರೂ ನಾವು ನಗುತ್ತಲೇ ಓಡಿದೆವು. ಮಲೆನಾಡಿನ ಮಳೆಯಲ್ಲಿ ಕೊಡೆ ಮುರಿದವರ ನಗು ಅದು, ಮಾಡುವುದೇನು!

ನಾವು ನಾಲ್ವರು ಮುಗಿಸಿ, ಬಟ್ಟೆ ಬದಲಾಯಿಸಿ, ಸೂಪು ಕೇಳಿದರೆ ಪಾತ್ರೆ ಖಾಲಿ. ಖಜಾಂಚಿಗಳಿಗೆ ಇನ್ನೂ ಅರ್ಧ ಗಂಟೆ ಬೇಕು ಎಂದು ಕಾದೆವು. ಅರ್ಧ ಗಂಟೆಯೂ ಆಯಿತು. ಅಷ್ಟರಲ್ಲಿ ಒಬ್ಬರು ಗುರಿಯ ಬ್ಯಾನರ್ ಬಿಚ್ಚುತ್ತಿದ್ದರು. ನಮ್ಮವರೊಬ್ಬರು ಇನ್ನೂ ಬಂದಿಲ್ಲವಲ್ಲ ಎಂದೆವು. "ಎಲ್ಲರೂ ಬಂದರು" ಎಂದರು ಆತ, ಬಹಳ ಖಾತ್ರಿಯಾಗಿ.

ಎಲ್ಲರೂ ಅಂದರೆ ಎಷ್ಟು ಜನ? ಅದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಓಟಗಳಲ್ಲಿ ಎದೆಯ ನಂಬರಿನ ಹಿಂದೆ ಒಂದು ಚಿಪ್ ಇರುತ್ತದೆ. ಹೊರಟವರು, ಮುಟ್ಟಿದವರು ಕಂಪ್ಯೂಟರಿನಲ್ಲಿ ದಾಖಲಾಗುತ್ತಾರೆ. ಸಣ್ಣ ಓಟಗಳಲ್ಲಿ ಹಳೆಯ ಪದ್ಧತಿ: ನಂಬರಿನ ಕೆಳಗಿನ ಚೀಟಿಯನ್ನು ಗುರಿಯಲ್ಲಿ ಹರಿದು ದಾರಕ್ಕೆ ಪೋಣಿಸುತ್ತಾರೆ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಅಂದು ಚೀಟಿಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಬೆಳಿಗ್ಗೆ ಸ್ಥಳದಲ್ಲೇ ಹೆಸರು ಕೊಟ್ಟವರದು ಬೇರೊಂದು ಹಾಳೆ, ಅದು ಯಾರದೋ ಕಾರಿನಲ್ಲಿ ಮನೆಗೆ ಹೋಗಿತ್ತು. ಕೊನೆಯವರ ಹಿಂದೆ ಬರಬೇಕಾದ ವಾಹನ ಇರಲೇ ಇಲ್ಲ.

ಎಂಜಿನಿಯರು ಕಾರು ತೆಗೆದರು, ನಾವಿಬ್ಬರು ಹತ್ತಿದೆವು. ಏಳನೆಯ ಕಿಲೋಮೀಟರಿನ ಹತ್ತಿರ ಎಡಕ್ಕೆ ತಿರುಗುವ ಕಡೆ ನಿಂತಿದ್ದ ಸ್ವಯಂಸೇವಕ ಮನೆಗೆ ಹೋಗಿದ್ದ. ಬಾಣದ ಗುರುತಿನ ಫಲಕ ಗಾಳಿಗೆ ಬಿದ್ದು ಹಿಮದಲ್ಲಿ ಮುಚ್ಚಿಹೋಗಿತ್ತು. ನೇರ ರಸ್ತೆಯಲ್ಲಿ ಎರಡು ಜೊತೆ ಹೆಜ್ಜೆಗಳು, ಅರ್ಧ ತುಂಬಿಕೊಂಡಿದ್ದವು. ಅವನ್ನೇ ಹಿಡಿದು ಹೋದೆವು. ಒಂದೂಕಾಲು ಮೈಲಿ ಆಚೆ, ಚಳಿಗಾಲಕ್ಕೆ ಮುಚ್ಚಿದ್ದ ತರಕಾರಿ ಅಂಗಡಿಯ ಜಗಲಿಯಲ್ಲಿ ನಮ್ಮ ಖಜಾಂಚಿಗಳು ಮತ್ತು ಒಬ್ಬ ಅಮೆರಿಕನ್ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ, ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಆಕೆಯ ಫೋನಿನ ಬ್ಯಾಟರಿ ಚಳಿಗೆ ಸತ್ತಿತ್ತು.

ಖಜಾಂಚಿಗಳು ನಮ್ಮನ್ನು ಕಂಡು ಸಂತೋಷಪಡಲಿಲ್ಲ. ಸಿಟ್ಟಾದರು. "ಯಾಕೆ ಬಂದ್ರಿ, ನಾನು ಹೋಗ್ತಾನೇ ಇದೀನಲ್ಲ" ಎಂದರು, ಮಾತು ಕುಡಿದವರ ಹಾಗೆ ತೊದಲುತ್ತಿತ್ತು. ಮೈ ಗಡಗಡ ನಡುಗುತ್ತಿತ್ತು. ಒದ್ದೆ ಕೈಗವಸು ಕಳಚಿ ಬಿಸಾಕಿದ್ದರು. ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳಿದೆವು. ದೀಪಾವಳಿಯ ಖರ್ಚನ್ನು ಕ್ಯಾಲ್ಕುಲೇಟರ್ ಇಲ್ಲದೆ ಸೆಂಟಿಗೆ ಸೆಂಟು ಕೂಡಿಸುತ್ತಿದ್ದ ಮನುಷ್ಯ "ತೊಂಬತ್ತ..." ಎಂದು ನಿಲ್ಲಿಸಿ ನಮ್ಮ ಮುಖ ನೋಡಿದರು. ಆಗ ನಮಗೆ ನಿಜವಾಗಿ ಭಯವಾಯಿತು.

ಇಬ್ಬರ ಒದ್ದೆ ಬಟ್ಟೆ ತೆಗೆದು, ನಮ್ಮ ಕೋಟು ಟೋಪಿ ಹಾಕಿ, ಕಂಬಳಿ ಹೊದಿಸಿ, ಹೀಟರ್ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಎಮರ್ಜೆನ್ಸಿಯಲ್ಲಿ ಅಳೆದಾಗ ಖಜಾಂಚಿಗಳ ಮೈಯೊಳಗಿನ ಶಾಖ 34.1 ಸೆಲ್ಸಿಯಸ್, 35ಕ್ಕಿಂತ ಇಳಿದರೆ ಅದು ಹೈಪೋಥರ್ಮಿಯಾ. ಸಂಜೆಗೆ ಇಬ್ಬರೂ ಮನೆಗೆ ಬಂದರು. ಇವರ ಬಲಗೈಯ ಎರಡು ಬೆರಳುಗಳಿಗೆ ಹಿಮಕಡಿತವಾಗಿತ್ತು. ಇಂದಿಗೂ ಚಳಿ ಬಂದರೆ ಆ ಬೆರಳುಗಳು ಜೋಮು ಹಿಡಿಯುತ್ತವೆ. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಅವರ ಮನೆಯವರ ಎದುರಿಗೆ ನಾವು ಹೇಳುವುದಿಲ್ಲ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಾವು ಹಾವಿನ ಕಡಿತ, ಕೀಟನಾಶಕದ ವಿಷ, ಬಿಸಿಲಿನ ಹೊಡೆತ ಇವನ್ನು ಕಂಡೆವೇ ಹೊರತು ಇದನ್ನು ಕಾಣಲಿಲ್ಲ. ಕಂಡದ್ದು ಇಲ್ಲಿಯ ರೆಸಿಡೆನ್ಸಿಯ ಮೊದಲ ಚಳಿಗಾಲದಲ್ಲಿ. ನಮ್ಮೂರಿನ ಹಳೆಯ ಪಾದರಸದ ಥರ್ಮಾಮೀಟರಿನಲ್ಲಿ ಗೀಟುಗಳು ಶುರುವಾಗುವುದೇ 94-95 ಫ್ಯಾರನ್‌ಹೀಟಿನಿಂದ. ಅದಕ್ಕಿಂತ ಕೆಳಗೆ ಇಳಿದವರನ್ನು ಅದು ಹೇಗೆ ತೋರಿಸೀತು? ಆದ್ದರಿಂದ ಮನೆಯವರು ಕಣ್ಣಿನಿಂದಲೇ ಗುರುತಿಸಬೇಕು: ಎಡವುವುದು, ತೊದಲುವುದು, ಗುಂಡಿ ಹಾಕಲಾಗದಿರುವುದು, ಕಾರಣವಿಲ್ಲದ ಸಿಟ್ಟು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ತಕ್ಷಣ 911ಕ್ಕೆ ಕರೆಮಾಡಿ. ಹಿಮಕಡಿತದ ಚರ್ಮ ಬಿಳಿಚಿಕೊಳ್ಳುತ್ತದೆಂದು ಪುಸ್ತಕದಲ್ಲಿದೆ. ನಮ್ಮ ಕಂದು ಚರ್ಮದಲ್ಲಿ ಅದು ಬೂದಿ ಬಳಿದಂತೆ ಕಾಣಬಹುದು, ಎಷ್ಟೋ ಸಲ ಕಾಣುವುದೂ ಇಲ್ಲ. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಹಿಮದಿಂದಂತೂ ಬೇಡವೇ ಬೇಡ. ಎಚ್ಚರವಿದ್ದು ನುಂಗಲು ಬಂದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಬ್ರಾಂಡಿಯ ಪ್ರಸ್ತಾಪ ನಮ್ಮ ಕೂಟದಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ, ದಯವಿಟ್ಟು ಬೇಡ.

ಹತ್ತು ಕಿಲೋಮೀಟರಿನ ಹಳ್ಳಿಯ ಓಟವನ್ನು ನಾವು ದೊಡ್ಡದು ಮಾಡುತ್ತಿದ್ದೇವೆ ಎಂದು ನಿಮಗನ್ನಿಸಬಹುದು. ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯಿತು. ಮೇ ತಿಂಗಳು, ಚಳಿಗಾಲವೂ ಅಲ್ಲ. ಹೊರಟವರು 172 ಜನ. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಚಡ್ಡಿ, ತೆಳು ಅಂಗಿ ತೊಟ್ಟವರೇ ಹೆಚ್ಚು. ಗಾಳಿ ತಡೆಯುವ ಜಾಕೆಟ್ಟನ್ನು ಕಡ್ಡಾಯ ಮಾಡಿರಲಿಲ್ಲ. ಗಾಳಿಯ ಮುನ್ಸೂಚನೆ ಬಂದಿದ್ದರೂ ಓಟ ನಿಲ್ಲಿಸಲಿಲ್ಲ. ಇಪ್ಪತ್ತೊಂದು ಜನ ಸತ್ತರು, ಅವರಲ್ಲಿ ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಒಬ್ಬರು. ಝು ಕೆಮಿಂಗ್ ಎಂಬ ಕುರಿಗಾಹಿ ಆರು ಜನರನ್ನು ತನ್ನ ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ ಬದುಕಿಸಿದ. ಅಷ್ಟು ದೊಡ್ಡ ವ್ಯವಸ್ಥೆ ಮಾಡಲಾಗದ್ದನ್ನು ಒಬ್ಬ ಕುರಿಗಾಹಿ ಮಾಡಿದನಲ್ಲ ಎಂದು ನಾವಿಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ.

ಹಾಗಾದರೆ ಚಳಿಯಲ್ಲಿ ಓಡಲೇಬಾರದೇ? ಖಂಡಿತ ಓಡಬಹುದು. ಬಫಲೋದ ಟರ್ಕಿ ಟ್ರಾಟ್ 1896ರಲ್ಲಿ ಆರೇ ಜನರಿಂದ ಶುರುವಾದದ್ದು, ಬಾಸ್ಟನ್ ಮ್ಯಾರಥಾನಿಗಿಂತ ಕೆಲವು ತಿಂಗಳು ಹಿರಿಯದು; ಥ್ಯಾಂಕ್ಸ್‌ಗಿವಿಂಗ್ ದಿನ ಈಗಲೂ ಸಾವಿರಾರು ಜನ ಓಡುತ್ತಾರೆ. ನಮ್ಮ ಖಜಾಂಚಿಗಳೂ ಈಗ ಓಡುತ್ತಾರೆ, ಎರಡು ಜೊತೆ ಕೈಗವಸು ಇಟ್ಟುಕೊಂಡು.

ಸಮಿತಿಯವರಲ್ಲಿ ನಮ್ಮ ಕೋರಿಕೆ ಇಷ್ಟು. ಹೆಸರಿನ ಪಟ್ಟಿ ಒಂದೇ ಇರಲಿ, ಒಬ್ಬರ ಕೈಯಲ್ಲೇ ಇರಲಿ, ಅವರಿಗೆ ಬೇರೆ ಯಾವ ಕೆಲಸವೂ ಬೇಡ, ವೇದಿಕೆಯ ಮೇಲಿನ ಹಾರವೂ ಬೇಡ. ಹೊರಟವರಿಗೊಂದು ಗೀಟು, ಬಂದವರಿಗೊಂದು ಗೀಟು. ನಡುವೆ ಬಿಟ್ಟು ಮನೆಗೆ ಹೋಗುವವರು ಅವರಿಗೆ ಹೇಳಿ ಹೋಗಬೇಕು. ನಮ್ಮವರಿಗೆ ಈ ಅಭ್ಯಾಸ ಕಡಿಮೆ, ಮೊದಲೇ ಗಟ್ಟಿಯಾಗಿ ಹೇಳಿ. ಕೊನೆಯವರ ಹಿಂದೆ ಒಂದು ಕಾರು ನಿಧಾನವಾಗಿ ಬರಲಿ. ಅದು ದಾಟುವವರೆಗೆ ತಿರುವಿನಲ್ಲಿ ನಿಂತವರು ಕದಲಬಾರದು. ಹಿಂದಿನ ದಿನವೇ ಕೀಲಿಕೈ ತೆಗೆದುಕೊಳ್ಳಿ. ಸಾರು, ಬಿಸಿನೀರು ಕೊನೆಯವರಿಗೆಂದು ಬೇರೆ ಎತ್ತಿಡಿ. ಇಷ್ಟು ಡಿಗ್ರಿಗಿಂತ ಇಳಿದರೆ ಓಟವಿಲ್ಲ ಎಂದು ಈಗಲೇ, ಬೆಚ್ಚಗೆ ಕೂತಿರುವಾಗಲೇ ತೀರ್ಮಾನಿಸಿ ಬರೆದಿಡಿ. 2022ರ ಡಿಸೆಂಬರಿನ ಹಿಮಬಿರುಗಾಳಿಯಲ್ಲಿ ನಮ್ಮ ಈರೀ ಕೌಂಟಿಯಲ್ಲೇ ನಲವತ್ತಕ್ಕೂ ಹೆಚ್ಚು ಜನ ಹೋದರು. ಟಿ-ಷರ್ಟು ಅಚ್ಚಾಗಿ ಬಂದಮೇಲೆ ಓಟ ನಿಲ್ಲಿಸುವ ಧೈರ್ಯ ಯಾವ ಸಮಿತಿಗೂ ಸುಲಭವಾಗಿ ಬರುವುದಿಲ್ಲ. ಇವಿಷ್ಟು ಆಗದಿದ್ದರೆ ಓಟವನ್ನು ಜೂನ್ ತಿಂಗಳ ಪಿಕ್ನಿಕ್ಕಿಗೆ ಸೇರಿಸಿಬಿಡಿ, ನಮಗೆ ಬೇಸರವಿಲ್ಲ.

ಹೊರಬಾಗಿಲ ಬಳಿಯ ಮೇಜಿನ ಮೇಲೆ ಹೆಸರು ಬರೆಸುವ ಪುಸ್ತಕ ಇಟ್ಟಿದ್ದಾರೆ. ಊರಿನಿಂದ ಬಂದ ಹಿರಿಯರ ಹೆಸರು ಬರೆಯುವಾಗ ಅವರು ನುಂಗುವ ಮಾತ್ರೆಗಳನ್ನೂ, ಮನೆಯಲ್ಲಿ ಫೋನ್ ಎತ್ತುವ ಒಬ್ಬರ ನಂಬರನ್ನೂ ಪಕ್ಕದಲ್ಲಿ ಬರೆಯಿರಿ. ಪುಸ್ತಕ ನೋಡಿಕೊಳ್ಳಲು ನಮ್ಮ ಮಾಜಿ ಖಜಾಂಚಿಗಳು ಒಪ್ಪಿದ್ದಾರೆ.